ಪಿಕಪ್ ಗಾಡಿಯ ಸೆಲ್ಫ್ ಸದ್ದು ಮಾಡಿದರೆ ಏನು ಮಾಡ್ಬೇಕು?

ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ



ಸ್ವಸಹಾಯ ಸಂಘ ಅಂದರೆ ವಾರದ ಉಳಿತಾಯ, ಸಾಲ, ಮರುಪಾವತಿ ಇಷ್ಟೇ ಅಂತ ಹೇಳುವ ಕಾಲ ಹೋಯಿತು. ತರಕಾರಿ ಬೆಳೆದು ಒಟ್ಟಿಗೆ ಮಾರುವವರು, ಹಪ್ಪಳ ಉಪ್ಪಿನಕಾಯಿ ಮಾಡುವವರು, ಸಂತೆಗೆ ಸಾಮಾನು ಕೊಂಡೊಯ್ಯುವವರು ನಮ್ಮಲ್ಲಿ ಇದ್ದಾರೆ. ಇಂಥ ಕೆಲಸಕ್ಕೆ ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸಂಘದಿಂದಲೋ ಬ್ಯಾಂಕಿನಿಂದಲೋ ಸಾಲ ಮಾಡಿ ಹಳೇ ಪಿಕಪ್ ಒಂದನ್ನು ತೆಗೆದುಕೊಳ್ಳುತ್ತೇವೆ. ಇಲ್ಲದಿದ್ದರೆ ಗಂಡನದೋ ತಮ್ಮನದೋ ಗಾಡಿಯನ್ನೇ ನಂಬಿರುತ್ತೇವೆ. ಹಳೇ ಗಾಡಿ ಅಂದ ಮೇಲೆ ಒಂದಲ್ಲ ಒಂದು ತೊಂದರೆ ಇದ್ದೇ ಇರ್ತದೆ. ಅದರಲ್ಲಿ ಬೆಳಗಿನ ಹೊತ್ತಿಗೆ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿಬಿಡುವುದು ಸೆಲ್ಫ್‌ನ ತೊಂದರೆ.

ಒಂದು ಲೆಕ್ಕ ಹಾಕಿ ನೋಡೋಣ. ಗಾಡಿಯಲ್ಲಿ 25 ಕ್ರೇಟ್ ಟೊಮೆಟೊ, ಒಂದೊಂದರಲ್ಲಿ 25 ಕಿಲೋ. ಒಟ್ಟು 625 ಕಿಲೋ ಆಯಿತು. ಬೆಳಿಗ್ಗೆ ಹರಾಜಿನ ಹೊತ್ತಿಗೆ ತಲುಪಿದರೆ ಕಿಲೋಗೆ 12 ರೂಪಾಯಿ, ತಡವಾಗಿ ಹೋದರೆ 8 ರೂಪಾಯಿ ಸಿಕ್ತದೆ ಅಂತ ಇಟ್ಟುಕೊಳ್ಳಿ. ಆ ಒಂದೇ ದಿನಕ್ಕೆ ನಷ್ಟ 2,500 ರೂಪಾಯಿ. ಗಾಡಿ ಸಾಲದ ಕಂತು ಮಾತ್ರ ಕಟ್ಟಲೇಬೇಕು, ಅದು ಸೆಲ್ಫ್ ಹೋಯ್ತು ಅಂತ ನಿಲ್ಲುವುದಿಲ್ಲ.

ಆದರೆ ಸೆಲ್ಫ್ ಹೇಳದೆ ಕೇಳದೆ ಕೈಕೊಡುವುದು ಕಡಿಮೆ. ಮೊದಲು ಅದು ಸದ್ದು ಮಾಡ್ತದೆ. ಆ ಸದ್ದನ್ನು ಗುರುತಿಸಲು ಕಲಿತರೆ ತೊಂದರೆ ಎಲ್ಲಿದೆ ಅಂತ ಅಂದಾಜು ಸಿಕ್ತದೆ. ಕೆಲವು ತೊಂದರೆಯನ್ನು ಬಿಸಿನೀರು ಮತ್ತು ಒಂದು ಪಾನಾ ಹಿಡಿದು ನಾವೇ ಸರಿ ಮಾಡಬಹುದು. ಉಳಿದದ್ದಕ್ಕೆ ಗ್ಯಾರೇಜಿಗೆ ಹೋದಾಗ ಏನು ಕೇಳಬೇಕು ಅಂತ ಗೊತ್ತಿರ್ತದೆ. ಈ ಪಾಠದ ಉದ್ದೇಶ ಇಷ್ಟೇ. ನಾವೆಲ್ಲ ಮೆಕ್ಯಾನಿಕ್ ಆಗಬೇಕಾಗಿಲ್ಲ, ಆದರೆ ನಮ್ಮ ದುಡ್ಡು ಎಲ್ಲಿಗೆ ಹೋಗ್ತದೆ ಅಂತ ನಮಗೆ ಗೊತ್ತಿರಬೇಕು.

ಸೆಲ್ಫ್ ಅಂದರೆ ಏನು?

ಹಿಂದಿನ ಕಾಲದಲ್ಲಿ ಗಾಡಿಯ ಮುಂದೆ ನಿಂತು, ಹ್ಯಾಂಡಲ್ ಹಾಕಿ, ಕೈಯಿಂದಲೇ ಎಂಜಿನ್ ತಿರುಗಿಸಬೇಕಿತ್ತು. ಹಳೇ ಜೀಪುಗಳಲ್ಲಿ ಹಾಗೆ ಮಾಡಿದ್ದನ್ನು ನಮ್ಮಲ್ಲಿ ಹಿರಿಯರು ನೋಡಿರಬಹುದು. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ತೋಳಿನ ಬಲ ಬೇಕಿಲ್ಲವಾದ್ದರಿಂದ ಹೆಂಗಸರಿಗೂ ತಾವೇ ಗಾಡಿ ಚಾಲೂ ಮಾಡಿ ಓಡಿಸುವುದು ಸುಲಭವಾಯಿತು.

ಸೆಲ್ಫ್ ಅಂದರೆ ಎಂಜಿನ್ ಪಕ್ಕದಲ್ಲಿ, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಕೂತಿರುವ ಒಂದು ಗಟ್ಟಿ ಮೋಟಾರ್. ಅದರ ಕೆಲಸದಲ್ಲಿ ಐದು ಭಾಗ ನೆನಪಿಟ್ಟರೆ ಸಾಕು.

1. ಬ್ಯಾಟರಿ ಮತ್ತು ದಪ್ಪ ವಯರ್. ಪಿಕಪ್‌ಗಳಲ್ಲಿ 12 ವೋಲ್ಟ್ ಬ್ಯಾಟರಿ ಇರ್ತದೆ. ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ ನೂರಾರು ಆಂಪಿಯರ್ ಕರೆಂಟ್ ಎಳೀತದೆ. ಅದಕ್ಕೇ ಬ್ಯಾಟರಿಯ ವಯರ್ ಹೆಬ್ಬೆರಳಿನಷ್ಟು ದಪ್ಪ ಇರುವುದು. ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ಪೈಪಿನೊಳಗೆ ಕಸ ಕಟ್ಟಿದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರ್ತದಲ್ಲ, ಬ್ಯಾಟರಿ ಟರ್ಮಿನಲ್ ಕೊಳೆಯಾದರೂ ಹಾಗೆಯೇ.

2. ಸೊಲೆನಾಯ್ಡ್. ಸೆಲ್ಫ್ ಮೇಲೆ ಕೂತಿರುವ ಸಣ್ಣ ಡಬ್ಬಿಯಂಥದ್ದು. ಕೀಲಿ ತಿರುಗಿಸಿದಾಗ 'ಟಕ್' ಅನ್ನುವುದು ಇದೇ. ಇದಕ್ಕೆ ಎರಡು ಕೆಲಸ. ಸಣ್ಣ ಹಲ್ಲಿನ ಚಕ್ರವನ್ನು ಮುಂದಕ್ಕೆ ತಳ್ಳುವುದು ಒಂದು, ಬ್ಯಾಟರಿಯ ದೊಡ್ಡ ಕರೆಂಟನ್ನು ಮೋಟಾರಿಗೆ ಬಿಡುವುದು ಇನ್ನೊಂದು.

3. ಮೋಟಾರ್. ನಮ್ಮ ಅಡುಗೆಮನೆಯ ಮಿಕ್ಸಿಯಲ್ಲಿ ಇರುವ ಹಾಗೆ ಇದರೊಳಗೂ ಕಾರ್ಬನ್ ಬ್ರಶ್, ಆರ್ಮೇಚರ್, ಬುಶ್ ಎಲ್ಲ ಇರ್ತದೆ. ಕಾರ್ಬನ್ ಸವೆದರೆ ಮೋಟಾರ್ ನಿಲ್ತದೆ.

4. ಬೆಂಡಿಕ್ಸ್. ಗ್ಯಾರೇಜಿನವರು ಹೀಗೆ ಕರೆಯುವುದು ಮುಂದೆ ಹೋಗಿ ಬರುವ ಸಣ್ಣ ಹಲ್ಲಿನ ಚಕ್ರವನ್ನು. ಇದರೊಳಗೆ ಸೈಕಲ್ಲಿನ ಫ್ರೀವೀಲ್‌ನಂಥ ಏರ್ಪಾಡು ಉಂಟು. ಸೈಕಲ್ ಇಳಿಜಾರಿನಲ್ಲಿ ಓಡುವಾಗ ಪೆಡಲ್ ತುಳಿಯದಿದ್ದರೂ ಚಕ್ರ ತಿರುಗ್ತದೆ, ನಮ್ಮ ಕಾಲನ್ನು ಎಳೆಯುವುದಿಲ್ಲ. ಹಾಗೆಯೇ ಎಂಜಿನ್ ಚಾಲೂ ಆದ ಮೇಲೆ ಅದರ ವೇಗ ಸೆಲ್ಫ್ ಮೋಟಾರನ್ನು ಹಾಳು ಮಾಡದ ಹಾಗೆ ಇದು ಕಾಯ್ತದೆ.

5. ರಿಂಗ್ ಗೇರ್. ಎಂಜಿನ್ನಿನ ಭಾರದ ಚಕ್ರಕ್ಕೆ ಫ್ಲೈವೀಲ್ ಅಂತಾರೆ. ಅದರ ಸುತ್ತ ಬಳೆ ತೊಡಿಸಿದ ಹಾಗೆ ಹಲ್ಲಿನ ಒಂದು ಬಳೆ ಇರ್ತದೆ. ಬೆಂಡಿಕ್ಸ್‌ನ ಹಲ್ಲು ಸುಮಾರು ಹತ್ತು, ಈ ಬಳೆಯ ಹಲ್ಲು ನೂರಕ್ಕೂ ಹೆಚ್ಚು. ಸಣ್ಣದು ಹತ್ತಾರು ಸುತ್ತು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗ್ತದೆ. ಹಾಗಾಗಿ ಸಣ್ಣ ಮೋಟಾರಿಗೆ ದೊಡ್ಡ ಎಂಜಿನ್ ಅಲ್ಲಾಡಿಸಲು ಆಗ್ತದೆ.

ಕೀಲಿ ತಿರುಗಿಸಿದಾಗ ಆಗುವುದು ಹೀಗೆ: ಸೊಲೆನಾಯ್ಡ್ ಎಳೀತದೆ, ಬೆಂಡಿಕ್ಸ್ ಮುಂದೆ ಹೋಗಿ ರಿಂಗ್ ಗೇರಿಗೆ ಕಚ್ಚಿಕೊಳ್ತದೆ, ಮೋಟಾರ್ ತಿರುಗ್ತದೆ, ಎಂಜಿನ್ ಚಾಲೂ ಆಗ್ತದೆ. ಕೀಲಿ ಬಿಟ್ಟ ಕೂಡಲೇ ಬೆಂಡಿಕ್ಸ್ ಹಿಂದೆ ಬರ್ತದೆ. ಈ ಸರಪಣಿಯಲ್ಲಿ ಎಲ್ಲಿ ತಪ್ಪಿತೋ ಅಲ್ಲಿಂದ ಸದ್ದು ಬರ್ತದೆ.

ಮೊದಲು ಜಾಗ್ರತೆ

ಯಾವುದೇ ಪರೀಕ್ಷೆಗೆ ಮೊದಲು ಇವನ್ನು ಪಾಲಿಸಿ.

• ಗಾಡಿ ಸಮ ಜಾಗದಲ್ಲಿರಲಿ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ.

• ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಚೂಡಿದಾರ್ ಹಾಕಿದ್ದರೆ ಶಾಲು ತೆಗೆದಿಡಿ. ಜಡೆ ಮೇಲಕ್ಕೆ ಕಟ್ಟಿ. ಎಂಜಿನ್ ಫ್ಯಾನ್ ಹತ್ತಿರ ನೇತಾಡುವ ಬಟ್ಟೆ ಇರಲೇಬಾರದು.

• ಚಿನ್ನದ ಬಳೆ, ಉಂಗುರ, ಉದ್ದ ಕರಿಮಣಿ ಸರ ಬ್ಯಾಟರಿಯ ಮೇಲೆ ತಾಗಬಾರದು. ಎರಡು ಟರ್ಮಿನಲ್ ನಡುವೆ ಲೋಹ ಸೇರಿದರೆ ಕ್ಷಣದಲ್ಲಿ ಕಾದು ಕೆಂಪಾಗ್ತದೆ, ಚರ್ಮ ಸುಡ್ತದೆ. ಕೈಯಿಂದ ತೆಗೆದಿಡಿ, ಸರವನ್ನು ರವಿಕೆಯೊಳಗೆ ಹಾಕಿ.

• ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರ್ತದೆ. ಅದಕ್ಕೆ ಬೆಂಕಿ ತಾಗಿದರೆ ಬ್ಯಾಟರಿ ಸಿಡಿಯಬಹುದು. ಬೀಡಿ, ಬೆಂಕಿಕಡ್ಡಿ, ಚಿಮಣಿ ದೀಪ ಹತ್ತಿರ ಬೇಡ. ಕತ್ತಲಿದ್ದರೆ ಟಾರ್ಚ್ ಹಿಡಿಯಿರಿ.

• ಬ್ಯಾಟರಿಯ ಆಸಿಡ್ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

• ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸೊಲೆನಾಯ್ಡಿನಲ್ಲಿ ಕಿಡಿ ಹಾರಿಸಿ ಗಾಡಿ ಚಾಲೂ ಮಾಡುವುದನ್ನು ಕೆಲವರು ಜಾಣತನ ಅಂದುಕೊಳ್ತಾರೆ. ಗಾಡಿ ಗೇರಿನಲ್ಲಿದ್ದರೆ ಆ ಕ್ಷಣವೇ ಮುಂದಕ್ಕೆ ಹೋಗಿ ಎದುರಿದ್ದವರ ಮೇಲೆ ಹತ್ತಬಹುದು. ನಾವು ಇದನ್ನು ಮಾಡುವುದೂ ಬೇಡ, ಬೇರೆಯವರು ಮಾಡುವಾಗ ಮುಂದೆ ನಿಲ್ಲುವುದೂ ಬೇಡ.

ಸದ್ದು ಕೇಳಿ ತೊಂದರೆ ಗುರುತಿಸೋಣ

ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಗಾಡಿಯ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳಲಿ. ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು.

ಒಂದನೇ ಸದ್ದು: 'ಟಕ್‌ಟಕ್‌ಟಕ್‌ಟಕ್' ಅಂತ ಬೇಗ ಬೇಗ. ಎಂಜಿನ್ ತಿರುಗುವುದಿಲ್ಲ. ಬಹಳಷ್ಟು ಸಲ ಇದು ಬ್ಯಾಟರಿ ಇಳಿದದ್ದು ಅಥವಾ ಟರ್ಮಿನಲ್ ಸಡಿಲ ಆದದ್ದು. ಸೊಲೆನಾಯ್ಡ್ ಎಳೆದ ಕೂಡಲೇ ಮೋಟಾರ್ ಕರೆಂಟ್ ಕೇಳ್ತದೆ, ಬ್ಯಾಟರಿ ಕುಸೀತದೆ, ಸೊಲೆನಾಯ್ಡ್ ಬಿಡ್ತದೆ. ಬಿಟ್ಟ ಕೂಡಲೇ ಬ್ಯಾಟರಿ ಸ್ವಲ್ಪ ಚೇತರಿಸಿ ಮತ್ತೆ ಎಳೀತದೆ. ಇದೇ ಟಕ್‌ಟಕ್. ಈ ಸದ್ದು ಕೇಳಿದ ಕೂಡಲೇ ಹೊಸ ಸೆಲ್ಫ್ ತರಬೇಡಿ.

ಎರಡನೇ ಸದ್ದು: ಒಂದೇ ಒಂದು 'ಟಕ್', ಮತ್ತೆ ಮೌನ. ಸೊಲೆನಾಯ್ಡ್ ಎಳೆದಿದೆ, ಮೋಟಾರ್ ತಿರುಗಿಲ್ಲ. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ವಯರ್ ತುಕ್ಕು ಹಿಡಿದಿರಬಹುದು, ಅಥವಾ ಬ್ಯಾಟರಿಯೇ ಸೋತಿರಬಹುದು. ಇವುಗಳಲ್ಲಿ ಯಾವುದು ಅಂತ ತಿಳಿಯಲು ಲೈಟ್ ಪರೀಕ್ಷೆ ಉಂಟು, ಮುಂದೆ ಹೇಳ್ತೇವೆ.

ಮೂರನೇ ಸದ್ದು: 'ಊಂ... ಊಂ... ಊಂ' ಅಂತ ಕಷ್ಟಪಟ್ಟು ನಿಧಾನ ತಿರುಗುವುದು. ಬ್ಯಾಟರಿ ಕಡಿಮೆ, ಟರ್ಮಿನಲ್ ಕೊಳೆ, ಅಥವಾ ಸೆಲ್ಫ್‌ನ ಬುಶ್ ಸವೆದು ಒಳಗಿನ ಆರ್ಮೇಚರ್ ಒರಸುತ್ತಿರುವುದು. ಚಳಿಗಾಲದ ಬೆಳಿಗ್ಗೆ ಎಂಜಿನ್ ಎಣ್ಣೆ ಮಂದ ಆಗಿ, ಬ್ಯಾಟರಿಯ ಬಲವೂ ಕಡಿಮೆಯಾಗಿ ಹೀಗೆ ಜಾಸ್ತಿ ಕೇಳ್ತದೆ.

ನಾಲ್ಕನೇ ಸದ್ದು: 'ಗುಂಯ್ಯ್' ಅಂತ ಮೋಟಾರ್ ಜೋರಾಗಿ ತಿರುಗ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಮಿಕ್ಸಿ ಜಾರಿನ ಕೆಳಗಿನ ರಬ್ಬರ್ ಗಾಲಿ ಸವೆದಾಗ ಮೋಟಾರ್ ಓಡ್ತದೆ, ಚಟ್ನಿ ಅರೆಯುವುದಿಲ್ಲ. ಇದೂ ಅದೇ ಕಥೆ. ಬ್ಯಾಟರಿ ಸರಿ ಉಂಟು, ಮೋಟಾರ್ ಸರಿ ಉಂಟು. ಬೆಂಡಿಕ್ಸ್ ಜಾರ್ತಾ ಇದೆ, ಇಲ್ಲವೇ ಅದನ್ನು ತಳ್ಳುವ ಕವೆ ಮುರಿದಿದೆ, ಇಲ್ಲವೇ ಆ ಜಾಗದಲ್ಲಿ ರಿಂಗ್ ಗೇರಿನ ಹಲ್ಲು ಹೋಗಿದೆ.

ಐದನೇ ಸದ್ದು: 'ಕರಕರ, ಕರ್ರ್' ಅಂತ ಹಲ್ಲು ಕಡಿದ ಹಾಗೆ. ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತಿಲ್ಲ. ಸೆಲ್ಫ್ ಹಿಡಿದಿಡುವ ಬೋಲ್ಟ್ ಸಡಿಲ ಆಗಿರಬಹುದು, ಬೆಂಡಿಕ್ಸ್ ಹಲ್ಲು ಸವೆದಿರಬಹುದು, ರಿಂಗ್ ಗೇರಿನ ಹಲ್ಲು ಸವೆದಿರಬಹುದು. ಈ ಸದ್ದನ್ನು ಸಹಿಸಿಕೊಂಡು ಓಡಿಸಬಾರದು. ಯಾಕೆ ಅಂತ ಕೆಳಗೆ ವಿವರ ಇದೆ.

ಆರನೇ ಸದ್ದು: ಎಂಜಿನ್ ಚಾಲೂ ಆದ ಮೇಲೂ 'ಕೀಂ' ಅಂತ ಕಿರುಚುವುದು. ಬೆಂಡಿಕ್ಸ್ ಹಿಂದೆ ಬಂದಿಲ್ಲ, ಅಥವಾ ಕೀಲಿ ಸ್ಪ್ರಿಂಗ್ ಸೋತು ಸೆಲ್ಫ್ ಜಾಗದಲ್ಲೇ ಸಿಕ್ಕಿಕೊಂಡಿದೆ, ಅಥವಾ ಸೊಲೆನಾಯ್ಡ್ ಅಂಟಿಕೊಂಡಿದೆ. ಕೂಡಲೇ ಎಂಜಿನ್ ಬಂದ್ ಮಾಡಿ. ಬಂದ್ ಮಾಡಿದ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದರೆ ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಬೇಕು. ಬಿಟ್ಟರೆ ಸೆಲ್ಫ್ ಸುಟ್ಟು ಹೋಗ್ತದೆ, ವಯರಿಗೆ ಬೆಂಕಿಯೂ ಹತ್ತಬಹುದು.

ಇನ್ನೊಂದು ಮಾತು. ಸೆಲ್ಫ್ ಚೆನ್ನಾಗಿ ತಿರುಗ್ತದೆ, ಎಂಜಿನ್ನೂ ಜೊತೆಗೆ ತಿರುಗ್ತದೆ, ಆದರೆ ಚಾಲೂ ಆಗುವುದಿಲ್ಲ ಅಂದರೆ ತಪ್ಪು ಸೆಲ್ಫ್‌ನದ್ದಲ್ಲ. ಡೀಸೆಲ್ ಇದೆಯಾ, ಪೈಪಿನಲ್ಲಿ ಗಾಳಿ ಸೇರಿದೆಯಾ, ಫಿಲ್ಟರ್ ಕಟ್ಟಿದೆಯಾ ನೋಡಿ. ಹೀಟರ್ ದೀಪ ಇರುವ ಗಾಡಿಯಲ್ಲಿ ಆ ದೀಪ ಆರುವವರೆಗೆ ಕಾದಿರಾ ಅಂತಲೂ ಕೇಳಿಕೊಳ್ಳಿ. ಸುಮ್ಮನೆ ಸೆಲ್ಫ್ ಹೊಡೆಯುತ್ತಾ ಇದ್ದರೆ ಒಳ್ಳೆಯ ಬ್ಯಾಟರಿಯೂ ಇಳೀತದೆ.

ಲೈಟ್ ಪರೀಕ್ಷೆ

ಇದಕ್ಕೆ ಖರ್ಚಿಲ್ಲ. ಗೋಡೆಗೆ ಬೆಳಕು ಬೀಳುವ ಹಾಗೆ ಗಾಡಿ ನಿಂತಿರಲಿ. ಗೋಡೆ ಇಲ್ಲದಿದ್ದರೆ ಕ್ಯಾಬಿನ್ ಒಳಗಿನ ದೀಪವೂ ಆಗ್ತದೆ. ಹೆಡ್‌ಲೈಟ್ ಹಾಕಿ, ಆಮೇಲೆ ಸೆಲ್ಫ್ ಹೊಡೆಯಿರಿ, ಬೆಳಕು ನೋಡಿ.

• ಬೆಳಕು ಪೂರ್ತಿ ಸತ್ತುಹೋಯಿತು: ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ ಅಥವಾ ಕೊಳೆ. ಬ್ಯಾಟರಿ ತುಂಬಿದ್ದು, ಟರ್ಮಿನಲ್ ಕೂಡ ಸ್ವಚ್ಛ ಇದ್ದೂ ಹೀಗಾದರೆ ಸೆಲ್ಫ್ ಒಳಗೆ ಜಾಮ್ ಆಗಿರಬಹುದು.

• ಬೆಳಕು ಸಾಕಷ್ಟು ಮಂಕಾಯಿತು, ಎಂಜಿನ್ ನಿಧಾನ ತಿರುಗಿತು: ಮೊದಲು ಬ್ಯಾಟರಿ ನೋಡಿ, ಆಮೇಲೆ ಸೆಲ್ಫ್‌ನ ಬುಶ್.

• ಬೆಳಕು ಹಾಗೇ ಇದೆ, ಒಂದೇ 'ಟಕ್' ಕೇಳಿತು: ಕರೆಂಟ್ ಮೋಟಾರಿಗೆ ತಲುಪಿಲ್ಲ. ಸೊಲೆನಾಯ್ಡ್ ಕಾಂಟ್ಯಾಕ್ಟ್, ಕಾರ್ಬನ್, ಎಂಜಿನ್ನಿನ ಅರ್ತ್ ವಯರ್, ಈ ಮೂರರಲ್ಲಿ ಒಂದು.

• ಬೆಳಕು ಹಾಗೇ ಇದೆ, ಸದ್ದೇ ಇಲ್ಲ: ಕೀಲಿ ಸ್ವಿಚ್, ಫ್ಯೂಸ್, ರಿಲೇ ಅಥವಾ ಸೊಲೆನಾಯ್ಡಿಗೆ ಹೋಗುವ ಸಣ್ಣ ವಯರ್. ಸಣ್ಣ ವಯರ್ ಕಳಚಿದ್ದರೆ ರಿಪೇರಿಯ ಖರ್ಚೂ ಸಣ್ಣದೇ.

ನಾವೇ ಮಾಡಬಹುದಾದ ಕೆಲಸ

ಟರ್ಮಿನಲ್ ಸ್ವಚ್ಛ ಮಾಡುವುದು. ಟರ್ಮಿನಲ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದೇ ಕರೆಂಟಿಗೆ ಅಡ್ಡ. ಮೊದಲು ನೆಗೆಟಿವ್ ವಯರ್ ತೆಗೆಯಿರಿ, ಆಮೇಲೆ ಪಾಸಿಟಿವ್. ಈ ಕ್ರಮ ಯಾಕೆ ಅಂದರೆ, ನೆಗೆಟಿವ್ ಇರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಗಾಡಿಯ ಬಾಡಿಗೆ ತಾಗಿದರೆ ಕಿಡಿ ಹಾರ್ತದೆ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಳ್ಳೆಯ ನೀರಿನಿಂದ ತೊಳೆದು, ಒರೆಸಿ, ಸ್ಯಾಂಡ್ ಪೇಪರ್‌ನಿಂದ ಹೊಳೆಯುವ ಹಾಗೆ ತಿಕ್ಕಿ. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೈಯಿಂದ ತಿರುವಿದರೆ ಅಲ್ಲಾಡದಷ್ಟು ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿ.

ನೀರು ನೋಡುವುದು. ಮುಚ್ಚಳ ಇರುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಒಳಗಿನ ಮಟ್ಟ ನೋಡಿ. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ನಲ್ಲಿ ನೀರು ಬೇಡ. ಆಸಿಡ್ ಅಂತೂ ನಾವು ಹಾಕುವುದೇ ಬೇಡ.

ಮೀಟರ್ ಇಟ್ಟು ನೋಡುವುದು. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗ್ತದೆ. ಸಂಘಕ್ಕೆ ಒಂದಿದ್ದರೆ ಸಾಕು. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಬ್ಯಾಟರಿಯಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ ಅರ್ಥ. 12.2 ತೋರಿಸಿದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಚಾರ್ಜಿಗೆ ಹಾಕಲೇಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಗೆ ಶಕ್ತಿ ಇಲ್ಲ, ಇಲ್ಲವೇ ಸೆಲ್ಫ್ ಅತಿಯಾಗಿ ಎಳೀತಾ ಇದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಬರಬೇಕು. ಅಷ್ಟು ಬರದಿದ್ದರೆ ಚಾರ್ಜ್ ಮಾಡುವ ಡೈನಮೊ ಅಥವಾ ಅದರ ಬೆಲ್ಟ್ ತೊಂದರೆ. ಆಗ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಅದೂ ಇಳೀತದೆ.

ಬೇರೆ ಗಾಡಿಯ ಬ್ಯಾಟರಿಯಿಂದ ಚಾಲೂ ಮಾಡುವುದು. ಕೆಂಪು ವಯರ್ ಮೊದಲು ನಮ್ಮ ಇಳಿದ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಅವರ ಪಾಸಿಟಿವ್‌ಗೆ. ಕಪ್ಪು ವಯರ್ ಅವರ ನೆಗೆಟಿವ್‌ಗೆ, ಕೊನೆಯ ತುದಿ ನಮ್ಮ ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ಇದರ ಹಿಂದುಮುಂದು. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರ್ತದೆ. ಲಾರಿಯವರು ಸಹಾಯಕ್ಕೆ ಬಂದರೂ ಅದನ್ನು ನಮ್ಮ 12 ವೋಲ್ಟ್ ಗಾಡಿಗೆ ಕೊಡಬಾರದು.

'ಕರಕರ' ಸದ್ದನ್ನು ಯಾಕೆ ಬಿಡಬಾರದು?

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ಗಾದೆ ಉಂಟು. ಸೆಲ್ಫ್ ಬೋಲ್ಟ್ ಸಡಿಲ ಆಗಿದ್ದರೆ ಬಿಗಿ ಮಾಡಲು ಕೆಲವೇ ನಿಮಿಷ ಸಾಕು. ಬೆಂಡಿಕ್ಸ್ ಸವೆದಿದ್ದರೆ ಸೆಲ್ಫ್ ಮಾತ್ರ ಕೆಳಗಿಳಿಸಿ ಅದೊಂದನ್ನೇ ಬದಲಿಸಬಹುದು. ಆದರೆ ಸವೆದ ಬೆಂಡಿಕ್ಸನ್ನು ಹಾಗೇ ಓಡಿಸಿದರೆ ಅದು ರಿಂಗ್ ಗೇರಿನ ಹಲ್ಲನ್ನು ತಿನ್ನುತ್ತಾ ಹೋಗ್ತದೆ. ರಿಂಗ್ ಗೇರ್ ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಸಾಮಾನಿಗಿಂತ ಕೂಲಿಯೇ ಹೆಚ್ಚಾಗಬಹುದು, ಗಾಡಿಯೂ ದಿನಗಟ್ಟಲೆ ನಿಲ್ತದೆ.

ರಿಂಗ್ ಗೇರ್ ಸವೆದಿದೆಯಾ ಅಂತ ತಿಳಿಯಲು ಒಂದು ಗುರುತು. ನಾಲ್ಕು ಸಿಲಿಂಡರ್ ಎಂಜಿನ್ ಬಂದ್ ಆಗುವಾಗ ಹೆಚ್ಚಾಗಿ ಒಂದೆರಡು ನಿರ್ದಿಷ್ಟ ಜಾಗದಲ್ಲೇ ನಿಲ್ತದೆ. ಹಾಗಾಗಿ ರಿಂಗ್ ಗೇರಿನ ಅದೇ ಜಾಗದ ಹಲ್ಲು ಸವೆಯುತ್ತದೆ, ಉಳಿದ ಹಲ್ಲು ಚೆನ್ನಾಗಿರ್ತದೆ. ಒಂದು ಸಲ 'ಕರ್ರ್' ಅನ್ನುವುದು, ಇನ್ನೊಂದು ಸಲ ಸರಿಯಾಗಿ ಹಿಡಿಯುವುದು ಇದೇ ಕಾರಣಕ್ಕೆ. ಹೀಗಾದಾಗ ಕೀಲಿ ಬಂದ್ ಮಾಡಿ, ಗಾಲಿಯ ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಟಾಪ್ ಗೇರ್ ಹಾಕಿ, ಸಮ ಜಾಗದಲ್ಲಿ ಗಾಡಿಯನ್ನು ಒಂದಡಿ ಎರಡಡಿ ಮುಂದೆ ತಳ್ಳಿ. ಎಂಜಿನ್ ಸ್ವಲ್ಪ ತಿರುಗಿ ಬೇರೆ ಹಲ್ಲು ಎದುರಿಗೆ ಬರ್ತದೆ. ಮತ್ತೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ ಸೆಲ್ಫ್ ಹೊಡೆಯಿರಿ. ಈಗ ಸದ್ದಿಲ್ಲದೆ ಹಿಡಿದರೆ ರಿಂಗ್ ಗೇರ್ ಸವೆದಿರುವ ಸಂಭವ ಹೆಚ್ಚು. ಅವತ್ತಿನ ಸಂತೆಗೆ ಇದರಿಂದ ದಾರಿ ಆಗ್ತದೆ, ಆದರೆ ಇದೇ ರಿಪೇರಿ ಅಲ್ಲ.

ಒಂದು ಉಪಯೋಗದ ಮಾತು: ಯಾವಾಗಲಾದರೂ ಕ್ಲಚ್ ಪ್ಲೇಟ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ರಿಂಗ್ ಗೇರಿನ ಹಲ್ಲನ್ನು ಸುತ್ತಲೂ ನೋಡಿಸಿಕೊಳ್ಳಿ. ಹಲ್ಲು ಸವೆದಿದ್ದರೆ ಆವಾಗಲೇ ಮಾಡಿಸಿ. ಬಿಚ್ಚುವ ಕೂಲಿ ಎರಡು ಸಲ ಕೊಡುವುದು ತಪ್ತದೆ.

ಗ್ಯಾರೇಜಿನಲ್ಲಿ ಮಾತಾಡುವುದು

ಸೆಲ್ಫ್ ಕೆಲಸ ಆಟೊ ಎಲೆಕ್ಟ್ರಿಷಿಯನ್‌ರದ್ದು. ಒಳ್ಳೆಯ ಕೆಲಸಗಾರರು ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ, ಗೊತ್ತಿರುವ ಗಿರಾಕಿ ಬಂದರೆ ಅವರಿಗೂ ಸುಲಭ. ಹೆಂಗಸರಿಗೆ ಇದೆಲ್ಲ ಯಾಕೆ ಅನ್ನುವವರೂ ಇರಬಹುದು. ಜಗಳ ಬೇಡ, ಮರ್ಯಾದೆಯಿಂದ ಕೇಳೋಣ. ಮಾತು ಹೀಗೆ ಹೋಗಬಹುದು:

"ಅಕ್ಕ, ಸೆಲ್ಫ್ ಹೋಗಿದೆ. ಹೊಸದೇ ಹಾಕ್ಬೇಕು."

"ಅಣ್ಣ, ಬ್ಯಾಟರಿ ನಾವು ಚಾರ್ಜ್ ಮಾಡಿಸಿದ್ದೇವೆ, ಟರ್ಮಿನಲ್ ಕ್ಲೀನ್ ಮಾಡಿದ್ದೇವೆ. ಲೈಟ್ ಮಂಕಾಗುವುದಿಲ್ಲ, ಒಂದೇ ಟಕ್ ಅಂತದೆ. ಕಾರ್ಬನ್ ಅಥವಾ ಸೊಲೆನಾಯ್ಡ್ ಇರಬಹುದಾ?"

"ಇರಬಹುದು. ಬಿಚ್ಚಿ ನೋಡ್ಬೇಕು."

"ಹಾಗಾದರೆ ಬಿಚ್ಚಿ ನೋಡಿ. ಯಾವುದು ಹೋಗಿದೆ ಅಂತ ನಮಗೂ ತೋರಿಸಿ, ಎಷ್ಟಾಗ್ತದೆ ಅಂತ ಹೇಳಿ. ಸಂಘದಲ್ಲಿ ಕೇಳಿ ಹೇಳ್ತೇವೆ. ಆಮೇಲೆ ಕೆಲಸ ಮಾಡಿ."

ಕಾರ್ಬನ್, ಬುಶ್, ಬೆಂಡಿಕ್ಸ್, ಸೊಲೆನಾಯ್ಡ್ ಇವೆಲ್ಲ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಸಿಗ್ತವೆ. ಹಾಳಾದ ಭಾಗ ಒಂದನ್ನೇ ಬದಲಿಸಿದರೆ ಸಾಕಾದೀತು. ಆರ್ಮೇಚರ್ ಸುಟ್ಟಿದ್ದರೆ, ಒಳಗೆ ಎಲ್ಲವೂ ಸವೆದಿದ್ದರೆ ಮಾತ್ರ ಪೂರ್ತಿ ಸೆಲ್ಫ್ ಬದಲಿಸುವುದು ಲಾಭ. ಆಗ ಗ್ಯಾರಂಟಿ ಎಷ್ಟು ತಿಂಗಳು ಅಂತ ಕೇಳಿ. ಬದಲಿಸಿದ ಹಳೇ ಸಾಮಾನು ಕೇಳಿ ಪಡೆಯಿರಿ, ಬಿಲ್ಲು ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಸಾಮಾನು ಬೇರೆ, ಕೂಲಿ ಬೇರೆ ಇರಲಿ.

ದಿನನಿತ್ಯದ ಅಭ್ಯಾಸ

ಗಾಡಿ ಓಡಿಸುವವರು ಯಾರೇ ಇರಲಿ, ಇಷ್ಟನ್ನು ಪಾಲಿಸಲಿ.

• ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬಾರದು. ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಮೋಟಾರ್ ತಣಿಯಲು ಸಮಯ ಬೇಕು.

• ಚಾಲೂ ಆದ ಕೂಡಲೇ ಕೀಲಿ ಬಿಡಿ. ಎಂಜಿನ್ ಓಡುವಾಗ ಅಥವಾ ಅದು ಪೂರ್ತಿ ನಿಲ್ಲುವ ಮೊದಲು ಮತ್ತೆ ಸೆಲ್ಫ್ ಹೊಡೆಯಬೇಡಿ. ಹಲ್ಲು ಮುರಿಯುವುದು ಆವಾಗಲೇ.

• ಸೆಲ್ಫ್ ಹೊಡೆಯುವಾಗ ಕ್ಲಚ್ ಒತ್ತಿ, ಲೈಟು, ಟೇಪು ಬಂದ್ ಇಡಿ.

• ಸೆಲ್ಫ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೀಲಿ ತೆಗೆದಿದ್ದರೂ ಅಲ್ಲಿಯ ದಪ್ಪ ವಯರಿನಲ್ಲಿ ಕರೆಂಟ್ ಇದ್ದೇ ಇರ್ತದೆ.

• ತಳ್ಳಿ ಚಾಲೂ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಲೋಡ್ ಇರುವ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಲೇಬಾರದು. ಮಕ್ಕಳನ್ನು, ಬಸುರಿಯರನ್ನು ಈ ಕೆಲಸಕ್ಕೆ ಕರೆಯಬೇಡಿ.

ಗಾಡಿಗೂ ಒಂದು ಪುಸ್ತಕ

ನಮ್ಮ ಸಂಘದಲ್ಲಿ ನಿರ್ಣಯ ಪುಸ್ತಕ, ನಗದು ಪುಸ್ತಕ, ಉಳಿತಾಯ ಪುಸ್ತಕ ಎಲ್ಲ ಇದೆ. ಗಾಡಿಗೂ ಒಂದು ನೂರು ಪುಟದ ಪುಸ್ತಕ ಇಡೋಣ. ದಿನಾಂಕ, ಕಿಲೋಮೀಟರ್, ಕೇಳಿದ ಸದ್ದು, ಮಾಡಿದ ಕೆಲಸ, ಬದಲಿಸಿದ ಸಾಮಾನು, ಖರ್ಚು ಅಂತ ಆರು ಕಾಲಂ ಎಳೆಯಿರಿ. ಬ್ಯಾಟರಿ ಕೊಂಡ ದಿನಾಂಕ, ಗ್ಯಾರಂಟಿ ಮುಗಿಯುವ ದಿನಾಂಕ ಮೊದಲ ಪುಟದಲ್ಲೇ ಇರಲಿ. 'ಬೆಳಿಗ್ಗೆ ಎರಡು ಸಲ ಕರ್ರ್ ಅಂದಿತು' ಅಂತ ಡ್ರೈವರ್ ಹೇಳಿದ ಮಾತನ್ನೂ ಬರೆಯಿರಿ. ಆ ಮಾತು ತಿಂಗಳಲ್ಲಿ ನಾಲ್ಕು ಸಲ ಬಂದರೆ ರಿಪೇರಿಗೆ ದಿನ ನಿಗದಿ ಮಾಡಬಹುದು. ಸಂತೆ ಇಲ್ಲದ ದಿನ ನೋಡಿ ಗಾಡಿ ಗ್ಯಾರೇಜಿಗೆ ಕಳಿಸಿದರೆ ವ್ಯಾಪಾರವೂ ಹಾಳಾಗುವುದಿಲ್ಲ.

ಗಾಡಿಯ ಪ್ರತಿ ಬಾಡಿಗೆಯಿಂದ ಇಷ್ಟು ಅಂತ ತೆಗೆದು ರಿಪೇರಿ ನಿಧಿಗೆ ಹಾಕುವುದೂ ಒಳ್ಳೆಯದು. ಒಂದು ಟ್ರಿಪ್ಪಿಗೆ 30 ರೂಪಾಯಿ ತೆಗೆದಿಟ್ಟರೆ, ತಿಂಗಳಿಗೆ 20 ಟ್ರಿಪ್ಪಿಗೆ 600 ರೂಪಾಯಿ, ವರ್ಷಕ್ಕೆ 7,200 ರೂಪಾಯಿ ಆಗ್ತದೆ. ಸೆಲ್ಫ್ ರಿಪೇರಿಗೆ ಅಂತ ಸದಸ್ಯೆಯರ ಉಳಿತಾಯಕ್ಕೆ ಕೈ ಹಾಕುವುದು ತಪ್ತದೆ.

ಮುಂದಿನ ಸಭೆಗೆ

ಗಾಡಿ ಇರುವ ಸಂಘದವರು ಒಂದು ಸಭೆಯನ್ನು ಗಾಡಿಯ ಹತ್ತಿರವೇ ಮಾಡಿ. ಬ್ಯಾಟರಿ ಎಲ್ಲಿದೆ, ಸೆಲ್ಫ್ ಎಲ್ಲಿದೆ, ಅರ್ತ್ ವಯರ್ ಎಲ್ಲಿದೆ ಅಂತ ಪ್ರತಿಯೊಬ್ಬರೂ ತೋರಿಸಿ ಹೇಳಲಿ. ಆಮೇಲೆ ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಮ್ಮ ಗಾಡಿ ಈಗ ಈ ಆರು ಸದ್ದುಗಳಲ್ಲಿ ಯಾವುದನ್ನಾದರೂ ಮಾಡ್ತಾ ಇದೆಯಾ?

2. 'ಟಕ್‌ಟಕ್‌ಟಕ್' ಅಂದಾಗ ಮೊದಲು ಏನು ನೋಡಬೇಕು? 'ಗುಂಯ್ಯ್' ಅಂದಾಗ ಏನು?

3. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು ತೆಗೆಯುವುದು ಯಾಕೆ?

4. ಕಳೆದ ಒಂದು ವರ್ಷದಲ್ಲಿ ಸೆಲ್ಫ್ ಮತ್ತು ಬ್ಯಾಟರಿಗೆ ಸಂಘ ಎಷ್ಟು ಖರ್ಚು ಮಾಡಿತು? ಅದರ ಬಿಲ್ಲುಗಳು ಎಲ್ಲಿವೆ?

5. ಗಾಡಿ ಪುಸ್ತಕ ಬರೆಯುವ ಜವಾಬ್ದಾರಿ ಯಾರಿಗೆ? ತಿಂಗಳಿಗೊಮ್ಮೆ ಟರ್ಮಿನಲ್ ಮತ್ತು ನೀರು ನೋಡುವ ಸರದಿ ಯಾರದ್ದು?

ಈ ಎರಡು ಹೆಸರುಗಳನ್ನು ನಿರ್ಣಯ ಪುಸ್ತಕದಲ್ಲಿ ಅವತ್ತೇ ಬರೆಯಿರಿ. ಲೈಟ್ ಪರೀಕ್ಷೆಯ ನಾಲ್ಕು ಸಾಲನ್ನು ಒಂದು ಕಾಗದದಲ್ಲಿ ಬರೆದು ಗಾಡಿಯ ಡ್ಯಾಶ್‌ಬೋರ್ಡ್ ಒಳಗೆ ಇಡಿ. ಬೆಳಗಿನ ನಾಲ್ಕು ಗಂಟೆಗೆ, ಟಾರ್ಚಿನ ಬೆಳಕಿನಲ್ಲಿ, ಅದು ಉಪಯೋಗಕ್ಕೆ ಬರ್ತದೆ.